ಎಡಗಡೆ ಸೀಟಿನ ಯಜಮಾನ

ಕಾಶಿಗೆ ನಾನು ಹಿಂದೆಯೂ ಒಮ್ಮೆ ಹೊರಟಿದ್ದೆ. ಕಚ್ಚೆಪಂಚೆ ಉಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಂಡು, ಛತ್ರಿ ಬಿಚ್ಚಿ ಹಿಡಿದು ಮೈಸೂರಿನ ಮದುವೆ ಛತ್ರವೊಂದರ ಹೊಸ್ತಿಲು ದಾಟಿದ್ದೆನೋ ಇಲ್ಲವೋ, ಮಾವನವರು ಅಡ್ಡ ಬಂದು ಕೈಹಿಡಿದರು. ‘ಕಾಶಿಗೆ ಯಾಕೆ ಹೋಗ್ತೀರಿ, ನಮ್ಮ ಹುಡುಗಿ ಕೈ ಹಿಡಿದು ಸುಖವಾಗಿರಿ’ ಎಂದು ತೆಂಗಿನಕಾಯಿ ಕೊಟ್ಟು ಒಳಗೆ ಕರೆದುಕೊಂಡು ಹೋದರು. ಶಾಸ್ತ್ರಕ್ಕೆ ಆಡುವ ಮಾತನ್ನು ಅಕ್ಷರಶಃ ನಂಬಬಾರದು ಎಂದು ಕಿವಿಯಲ್ಲಿ ಹೇಳುವವರು ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಅದೇ ಮಾವನವರು ಕಳೆದ ಚಳಿಗಾಲ ಶುರುವಾಗುವ ಮುಂಚೆ ನಮ್ಮ ಮನೆ ಸೋಫಾದ ಮೇಲೆ ಕಾಲು ಮಡಚಿ ಕೂತು, ‘ಅಳಿಯಂದಿರೇ, ಕಾಶಿ ಒಂದು ನೋಡಿಬಿಟ್ಟರೆ ನನ್ನದೆಲ್ಲ ಮುಗಿದ ಹಾಗೆ’ ಎಂದರು. ಅಡುಗೆಮನೆಯಿಂದ ಅಮ್ಮ, ‘ನನ್ನದೂ’ ಎಂದರು.

ಮಾವ ರೈಲ್ವೆಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಅವರ ಪಾಲಿಗೆ ಪ್ರಯಾಣ ಎಂದರೆ ರೈಲು. ಬಸ್ಸು, ಕಾರು, ವಿಮಾನ ಎಲ್ಲ ರೈಲು ತಪ್ಪಿಸಿಕೊಂಡವರಿಗಾಗಿ ಇರುವ ಏರ್ಪಾಡು. ಹಾಗಾಗಿ ಮೊದಲು ಸಂಘಮಿತ್ರ ಎಕ್ಸ್‌ಪ್ರೆಸ್ಸಿಗೇ ಪ್ರಯತ್ನ ಮಾಡಿದೆವು. ಈಗ ರಿಸರ್ವೇಶನ್ ತೆರೆಯುವುದು 60 ದಿನ ಮುಂಚೆ. ಆ ಬೆಳಿಗ್ಗೆ ನಾನು ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕಂಪ್ಯೂಟರ್ ಮುಂದೆ ಕೂತೆ. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಅದರ ಮಧ್ಯೆ ಅಮ್ಮನ ಹೆಸರಿನಲ್ಲಿ ‘ಎಚ್’ ಎಲ್ಲಿ ಬರುತ್ತದೆ ಎಂದು ಮನೆಯಲ್ಲಿ ಚರ್ಚೆ ಎದ್ದು, ಆಧಾರ್ ಕಾರ್ಡ್ ಹುಡುಕಿ, ಕಾರ್ಡ್ ಸಿಕ್ಕಮೇಲೆ ಕನ್ನಡಕ ಹುಡುಕಿ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ವೇಟಿಂಗ್ ಲಿಸ್ಟ್ ಬೆಳೆಯುತ್ತಿತ್ತು. ರೈಲ್ವೆಯವನ ಅಳಿಯನಿಗೇ ಬರ್ತ್ ಇಲ್ಲ ಎಂಬ ಸಂಕಟಕ್ಕೆ ಮಾವ ಅವತ್ತು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರು.

‘ಕಾರಲ್ಲೇ ಹೋಗೋಣ’ ಎಂದುಬಿಟ್ಟೆ.

ಎಲ್ಲರೂ ನನ್ನ ಕಡೆ ನೋಡಬೇಕಾಗಿತ್ತು. ಎಲ್ಲರೂ ನನ್ನ ಹೆಂಡತಿಯ ಕಡೆ ನೋಡಿದರು. ಏಕೆಂದರೆ ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಅವಳು. ಲೈಸೆನ್ಸ್ ನನ್ನ ಬಳಿಯೂ ಇದೆ. ಬಳಕೆಯಾಗದೆ ಇರುವುದರಿಂದ ಅಂಚು ಕೂಡ ಮಾಸಿಲ್ಲ. ಒಮ್ಮೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬವೊಂದು ಇರಬಾರದ ಜಾಗದಲ್ಲಿ ಇದ್ದುದರಿಂದ ನಾನು ಆ ಕ್ಷೇತ್ರದಿಂದ ಗೌರವಯುತವಾಗಿ ನಿವೃತ್ತನಾದೆ. ಕಂಬ ಇನ್ನೂ ಅಲ್ಲೇ ಇದೆ. ಅಂದಿನಿಂದ ಕಾರಿನಲ್ಲಿ ನನ್ನ ಸ್ಥಾನ ಎಡಗಡೆ ಮುಂದಿನ ಸೀಟು, ನನ್ನ ಹುದ್ದೆ ಯಜಮಾನ.

ಅವಳು ಹೂಂ ಅನ್ನುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದಳು: ‘ಎಷ್ಟು ದೂರ ರೀ?’

ಈ ಪ್ರಶ್ನೆಗೆ ನಾನು ಸಿದ್ಧನಾಗಿದ್ದೆ. ದೂರ ಸುಮಾರು 1,800 ಕಿಲೋಮೀಟರ್, ಆದರೆ ದೂರ ಮುಖ್ಯವಲ್ಲ, ರಸ್ತೆ ಮುಖ್ಯ ಎಂದು ಎದ್ದು ನಿಂತು ಹೇಳಿದೆ. ನಮ್ಮ ಹೆಬ್ಬಾಳದಲ್ಲಿ ದೇವನಹಳ್ಳಿ ಕಡೆಗೆ ಹೊರಡುವ ರಸ್ತೆ ಇದೆಯಲ್ಲ, ವಿಮಾನ ಹಿಡಿಯುವವರೆಲ್ಲ ಬೈದುಕೊಂಡು ಹೋಗುವ ರಸ್ತೆ, ಅದೇ ಕಾಶಿಯ ರಸ್ತೆ. ಹಳೆಯ ಲೆಕ್ಕದಲ್ಲಿ ಅದು 7ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಒಂದು ತುದಿ ವಾರಾಣಸಿ, ಇನ್ನೊಂದು ತುದಿ ಕನ್ಯಾಕುಮಾರಿ, ನಡುವೆ ನಾವು. ದೇಶದ ಅತಿ ಉದ್ದದ ಹೆದ್ದಾರಿ ಎಂಬ ಹೆಸರು ಆಗ ಅದಕ್ಕಿತ್ತು. 2010ರಲ್ಲಿ ಸರ್ಕಾರ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಹಂಚಿದಾಗ ಇದರ ಬಹುಭಾಗ ಶ್ರೀನಗರ–ಕನ್ಯಾಕುಮಾರಿಯ 44ರೊಳಗೆ ಸೇರಿಹೋಯಿತು. 7 ಎಂಬ ನಂಬರನ್ನು ಪಂಜಾಬಿನಿಂದ ಬದರಿನಾಥದ ಕಡೆ ಹೋಗುವ ಬೇರೊಂದು ರಸ್ತೆಗೆ ಕೊಟ್ಟರು. ‘ಆದ್ದರಿಂದ ಹಳೇ ನಕ್ಷೆ ಇಟ್ಟುಕೊಂಡು 7 ಅಂತ ಹುಡುಕಿದವರು ಕಾಶಿ ಬಿಟ್ಟು ಬದರಿಗೆ ಹೋಗ್ತಾರೆ’ ಎಂದು ನಾನು ನಗಿಸಲು ನೋಡಿದೆ.

‘ಬದರಿನೂ ಆಗಬಹುದು’ ಎಂದರು ಅಮ್ಮ.

ಮುಂದಿನ ವಾರಗಳಲ್ಲಿ ನಾನು ಮಾಡಿದ ಕೆಲಸಕ್ಕೆ ಎಲ್ಲೂ ಮನ್ನಣೆ ಸಿಗಲಿಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತೇನೆ. ಯಾವ ಊರಿಗೆ ಎಷ್ಟು ಗಂಟೆಗೆ, ಎಲ್ಲಿ ತಿಂಡಿ, ಎಲ್ಲಿ ಡೀಸೆಲ್, ಎಲ್ಲಿ ಶೌಚಾಲಯ ಎಂದು ನಿಮಿಷ ಸಮೇತ ಪಟ್ಟಿ ಮಾಡಿ, ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿದೆ. ಗೊತ್ತಿದ್ದವರು ಇದ್ದ ಊರುಗಳಿಗೆ ಹಸಿರು ಬಣ್ಣ ಹಚ್ಚಿದೆ. ಬೆಂಗಳೂರು ಒಂದಕ್ಕೇ ಹಸಿರು ಬಂತು. ಹೊರಟ ದಿನ ದೇವನಹಳ್ಳಿ ತಲುಪಿದಾಗಲೇ ನಾವು ಆ ಪಟ್ಟಿಗಿಂತ ಒಂದೂಕಾಲು ಗಂಟೆ ಹಿಂದಿದ್ದೆವು. ಲ್ಯಾಮಿನೇಟ್ ಆಗಿದ್ದರಿಂದ ತಿದ್ದಲೂ ಆಗಲಿಲ್ಲ. ಬಾಗೇಪಲ್ಲಿಯಲ್ಲಿ ಮಗಳು ಅದರ ಮೇಲೆ ಇಡ್ಲಿ ಇಟ್ಟುಕೊಂಡು ತಿಂದಳು. ಒರೆಸಿದರೆ ಹೋಗುತ್ತದೆ ಎಂಬುದು ಅದರ ಬಗ್ಗೆ ನಮ್ಮ ಮನೆಯಲ್ಲಿ ಕೇಳಿಬಂದ ಏಕೈಕ ಒಳ್ಳೆಯ ಮಾತು.

ತಡವಾದದ್ದಕ್ಕೆ ಕಾರಣ ಡಿಕ್ಕಿ. ಅದರೊಳಗೆ ಹೋಗಬೇಕಾದದ್ದು ಐದು ಜನರ ಬಟ್ಟೆ. ಹೋದದ್ದು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮೆಂತ್ಯದ ಹಿಟ್ಟು, ಗೊಜ್ಜವಲಕ್ಕಿ ಪುಡಿ, ಕೋಡುಬಳೆ ಡಬ್ಬ, ಹಪ್ಪಳದ ಕಟ್ಟು, ಮಾವಿನಕಾಯಿ ಉಪ್ಪಿನಕಾಯಿ, ನಿಂಬೆಕಾಯಿ ಉಪ್ಪಿನಕಾಯಿ, ಅಕ್ಕಿಯ ಚೀಲ ಮತ್ತು ಕರೆಂಟಿನ ಕುಕ್ಕರು. ‘ಆ ಕಡೆ ಬರೀ ರೊಟ್ಟಿ ಕಣೋ’ ಎಂಬುದು ಅಮ್ಮನ ವಾದ. ಮಾವನವರದು ಒಂದು ಟ್ರಂಕು. ಹಸಿರು ಬಣ್ಣದ, ಬೀಗ ಹಾಕಿದ, ಮೇಲೆ ಬಿಳಿ ಅಕ್ಷರದಲ್ಲಿ ಹೆಸರು ಬರೆದ ಕಬ್ಬಿಣದ ಟ್ರಂಕು. ಸೀಟಿನ ಕೆಳಗೆ ತಳ್ಳಿಬಿಡಿ ಎಂದರು. ಕಾರಿನ ಸೀಟಿನ ಕೆಳಗೆ ಜಾಗ ಇರುವುದಿಲ್ಲ ಎಂದು ಅವರನ್ನು ನಂಬಿಸಲು ಸೀಟು ಎತ್ತಿ ತೋರಿಸಬೇಕಾಯಿತು. ಕೊನೆಗೆ ಬಟ್ಟೆಗಳನ್ನು ಸೂಟ್‌ಕೇಸಿನಿಂದ ತೆಗೆದು ಡಬ್ಬಗಳ ಸಂದಿಗಳಲ್ಲಿ ತುರುಕಿದೆವು. ಕಾಶಿ ವಿಶ್ವನಾಥನ ಎದುರು ನಾನು ನಿಂತಾಗ ನನ್ನ ಅಂಗಿಗೆ ಇಂಗಿನ ವಾಸನೆ ಇತ್ತು.

ಹಿಂದಿನ ಸೀಟಿನಲ್ಲಿ ಒಂದು ಕಿಟಕಿಗೆ ಅಮ್ಮ, ಇನ್ನೊಂದು ಕಿಟಕಿಗೆ ಮಾವ, ನಡುವೆ ಕಾಲೇಜಿನ ಮಗಳು. ಬೀಗರು ಒಬ್ಬರಿಗೊಬ್ಬರು ನೇರವಾಗಿ ಮಾತಾಡಿ ಅಭ್ಯಾಸವಿಲ್ಲದ ಮನೆತನಗಳು ನಮ್ಮವು. ಆದ್ದರಿಂದ ಅಷ್ಟು ದೂರವೂ ಹಿಂದಿನ ಸೀಟಿನ ವ್ಯವಹಾರವೆಲ್ಲ ಅವಳ ಮೂಲಕವೇ ನಡೆಯಿತು. ‘ನಿಮ್ಮ ತಾತನಿಗೆ ಗಾಳಿ ಜಾಸ್ತಿ ಆಗ್ತಿದೆಯೇನೋ ಕೇಳು ಪುಟ್ಟಿ’ ಎಂದು ಅಮ್ಮ ಹೇಳಿದರೆ ಅದರ ಅರ್ಥ ಕಿಟಕಿ ಮುಚ್ಚಿಸು ಎಂದು. ‘ನಿಮ್ಮ ಅಜ್ಜಿಗೆ ಸೆಕೆ ಆಗಬಾರದಲ್ಲ, ಅದಕ್ಕೇ ತೆಗೆದಿದೀನಿ ಅಂತ ಹೇಳಮ್ಮ’ ಎಂದು ಅವರ ಉತ್ತರ. ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡ ತಕ್ಷಣ ಎರಡೂ ದೇಶಗಳ ಸಂಬಂಧ ಕಡಿದುಬೀಳುತ್ತಿತ್ತು. ಸೀಟ್ ಬೆಲ್ಟ್ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾದರು. ‘ಕೂತಿರೋರನ್ನ ಕಟ್ಟಿಹಾಕ್ತಾರೇನೋ?’ ಎಂದರು ಅಮ್ಮ. ‘ಅವರು ಹೇಳೋದು ಸರಿ’ ಎಂದರು ಮಾವ, ನೇರವಾಗಿ, ಮೊದಲ ಬಾರಿಗೆ. ಹೆಂಡತಿ ಏನೂ ಮಾತಾಡದೆ ಎಂಜಿನ್ ಆಫ್ ಮಾಡಿ ಕೈಕಟ್ಟಿ ಕೂತಳು. ಕ್ಲಿಕ್, ಕ್ಲಿಕ್ ಎಂದು ಎರಡು ಸದ್ದು ಬಂದಮೇಲೆ ಕಾರು ಹೊರಟಿತು. ಇದನ್ನು ಅವಳು ನನಗೂ ಬೇರೆ ಬೇರೆ ಸಂದರ್ಭಗಳಲ್ಲಿ ಮಾಡಿದ್ದಾಳೆ, ಕಾರಿಲ್ಲದಾಗಲೂ.

ಈಗ ನನ್ನ ಕೆಲಸದ ಬಗ್ಗೆ. ಎಡಗಡೆ ಸೀಟಿನವನು ಸುಮ್ಮನೆ ಕೂತಿರುತ್ತಾನೆ ಎಂಬ ತಪ್ಪು ತಿಳಿವಳಿಕೆ ಸಮಾಜದಲ್ಲಿದೆ. ನೀರಿನ ಬಾಟಲಿ ಮುಚ್ಚಳ ತೆಗೆದು ಕೊಡುವವರು ಯಾರು? ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿದರೆ ಅದು ‘ನಾನು ತಿರುಗುತ್ತೇನೆ’ ಎಂದೋ ‘ನೀನು ಮುಂದೆ ಹೋಗು’ ಎಂದೋ ತರ್ಕಿಸುವವರು ಯಾರು? ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕ್. ನನ್ನ ಸೀಟಿನ ಕೆಳಗೆ ಕಂಪನಿಯವರು ಬ್ರೇಕ್ ಕೊಟ್ಟಿಲ್ಲ. ಆದರೂ ಮುಂದಿನ ಗಾಡಿ ಹತ್ತಿರವಾದಾಗೆಲ್ಲ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಜೊತೆಗೆ ಬಾಯಿಂದ ‘ಸ್ಸ್’ ಎಂಬ ಸದ್ದು. ಅನಂತಪುರ ದಾಟುವ ಹೊತ್ತಿಗೆ ನನ್ನ ಮೀನಖಂಡ ಹಿಡಿದುಕೊಂಡಿತ್ತು. ‘ಓಡಿಸ್ತಿರೋದು ನಾನು, ಕಾಲು ನೋವು ನಿಮಗೆ’ ಎಂದಳು ಹೆಂಡತಿ. ‘ಪಾಪ, ಹುಡುಗಿ ಒಬ್ಬಳೇ ಓಡಿಸ್ತಿದಾಳೆ, ನೀನು ಆರಾಮಾಗಿ ಕೂತಿದೀಯ’ ಎಂದರು ಅಮ್ಮ. ಹಿಂದೆ ಮುಂದೆ ಎರಡೂ ಕಡೆಯಿಂದ ಪೆಟ್ಟು ಬೀಳುವ ಸೀಟು ಕಾರಿನಲ್ಲಿ ಅದೊಂದೇ.

ಹೊರಗಿನ ಪ್ರಪಂಚ ಮಾತ್ರ ನನ್ನನ್ನು ಗೌರವಿಸಿತು. ಪೆಟ್ರೋಲ್ ಬಂಕಿನವನು ಕಾರ್ಡ್ ಮೆಷಿನ್ ಹಿಡಿದು ಕಾರು ಸುತ್ತಿಕೊಂಡು ನನ್ನ ಕಿಟಕಿಗೇ ಬರುತ್ತಿದ್ದ. ಢಾಬಾದ ಹುಡುಗ, ಗಾಳಿ ತುಂಬುವವನು, ದಾರಿ ತಪ್ಪಿದಾಗ ಕೇಳಿದ ಹಿರಿಯರು, ಎಲ್ಲರೂ ಅವಳ ಪ್ರಶ್ನೆಗೆ ನನ್ನ ಮುಖ ನೋಡಿ ಉತ್ತರ ಹೇಳುತ್ತಿದ್ದರು. ಮಧ್ಯಪ್ರದೇಶದಲ್ಲಿ ಕಾರು ತಡೆದ ಪೊಲೀಸಿನವನು ಸ್ಟೀರಿಂಗ್ ಹಿಡಿದವಳನ್ನು ಒಮ್ಮೆ ನೋಡಿ, ಬಾನೆಟ್ ಸುತ್ತಿ ಬಂದು, ಗಾಡಿಯ ಕಾಗದ ನನ್ನನ್ನು ಕೇಳಿದ. ಹೆಂಡತಿ ತನ್ನ ಪರ್ಸಿನಿಂದ ಎಲ್ಲ ತೆಗೆದು ನನ್ನ ಕೈಗೆ ಕೊಟ್ಟಳು, ನಾನು ಅವನ ಕೈಗೆ ಕೊಟ್ಟೆ, ಅವನು ನೋಡಿ ನನಗೆ ಸಲಾಂ ಹೊಡೆದ, ನಾನು ಕಾಗದಗಳನ್ನು ಅವಳಿಗೆ ವಾಪಸ್ ಕೊಟ್ಟೆ. ಇಂಥ ಮರ್ಯಾದೆಗೆ ನಾಚಿಕೊಳ್ಳಬೇಕು ಎಂದು ನನಗೆ ಗೊತ್ತು. ಆದರೆ ಮನೆಯಲ್ಲಿ ಸಿಗದ್ದು ರಸ್ತೆಯಲ್ಲಿ ಸಿಕ್ಕಿದಾಗ ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಕರ್ನೂಲಿನಲ್ಲಿ ದೊಡ್ಡ ಸೇತುವೆ ಬಂದಾಗ ಅಮ್ಮ ಕಾರು ನಿಲ್ಲಿಸಲು ಹೇಳಿದರು. ಅವರು ಶಿವಮೊಗ್ಗದ ಕಡೆಯವರು. ಕೆಳಗೆ ಹರಿಯುವುದು ತುಂಗಭದ್ರೆ ಎಂದು ಮಗಳು ಫೋನ್ ನೋಡಿ ಹೇಳಿದ್ದೇ ತಡ, ‘ಇದು ನಮ್ಮೂರ ನೀರು ಕಣೋ’ ಎಂದು ಕಿಟಕಿಗೆ ಮುಖ ಇಟ್ಟರು. ತೀರ್ಥಹಳ್ಳಿ ನೋಡಿ, ಶಿವಮೊಗ್ಗ ದಾಟಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಹಂಪಿ ಸುತ್ತಿ ಇಲ್ಲಿಗೆ ಬಂದಿದೆ. ನಾವು ಬೆಂಗಳೂರಿನಿಂದ ಬಂದದ್ದಕ್ಕಿಂತ ದೊಡ್ಡ ಪ್ರಯಾಣ, ಅದೂ ಟೋಲ್ ಕಟ್ಟದೆ. ಸೇತುವೆ ಮೇಲೆ ಕಾರು ನಿಲ್ಲಿಸುವಂತಿಲ್ಲ ಎಂದು ಹೆಂಡತಿ ನಿಧಾನ ಮಾಡಿದಳು. ಅಮ್ಮ ನಾಲ್ಕಾಣೆ ಹುಡುಕಿದರು. ಸಿಗದೆ ಐದು ರೂಪಾಯಿ ಎಸೆದರು. ಅದು ಸೇತುವೆಯ ಕಟ್ಟೆಗೆ ತಾಗಿ ರಸ್ತೆಗೇ ಬಿತ್ತು. ಸ್ವಲ್ಪ ದೂರದಲ್ಲೇ ಕೃಷ್ಣೆ, ಮರುದಿನ ಗೋದಾವರಿ, ಆಮೇಲೆ ಪೈನಗಂಗಾ, ನರ್ಮದೆ. ಈ ರಸ್ತೆ ದಕ್ಷಿಣದ ನದಿಗಳನ್ನೆಲ್ಲ ಒಂದೊಂದಾಗಿ ಅಡ್ಡ ದಾಟುತ್ತದೆ ಎಂಬುದನ್ನು ನನ್ನ ಪಟ್ಟಿ ಗಮನಿಸಿರಲಿಲ್ಲ, ಅಮ್ಮನ ಚಿಲ್ಲರೆ ಗಮನಿಸಿತು.

ಟೋಲಿನ ವಿಷಯಕ್ಕೆ ಬಂದರೆ, ಅದು ನನ್ನ ಖಾತೆ. 2021ರ ಫೆಬ್ರವರಿಯಿಂದ ಟ್ಯಾಗ್ ಕಡ್ಡಾಯವಾಯಿತಲ್ಲ, ಅಂದಿನಿಂದ ಗಾಜಿನ ಮೇಲಿನ ಆ ಚೀಟಿಯ ಪಾಲನೆ ಪೋಷಣೆ ನನ್ನದು. ಹೊರಡುವ ಮುಂಚೆ ವರ್ಷದ ಪಾಸ್ ಮಾಡಿಸಿದ್ದೆ. 2025ರ ಆಗಸ್ಟ್ 15ರಿಂದ ಶುರುವಾದ ಯೋಜನೆ ಅದು, ಆಗಿನ ಲೆಕ್ಕದಲ್ಲಿ 3,000 ರೂಪಾಯಿ ಕಟ್ಟಿದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಪ್ರತಿ ಟೋಲ್ ಗೇಟಿನಲ್ಲೂ ಕಂಬ ಮೇಲೆದ್ದಾಗ ‘ನೋಡಿ, ದುಡ್ಡು ಹೋಗಲಿಲ್ಲ’ ಎಂದು ಘೋಷಿಸುತ್ತಿದ್ದೆ. ಮೊದಮೊದಲು ಮಾವ ‘ಭೇಷ್’ ಎನ್ನುತ್ತಿದ್ದರು, ಆಮೇಲೆ ನಿದ್ದೆ ಮಾಡಿದರು. ಪಾಸ್ ಇದ್ದಮೇಲೆ ಟ್ಯಾಗಿನಲ್ಲಿ ಬೇರೆ ದುಡ್ಡು ಯಾಕೆ ಎಂದು ಒಂದು ಪೈಸೆಯನ್ನೂ ಇಟ್ಟಿರಲಿಲ್ಲ. ಹೈದರಾಬಾದಿನ ಊರೊಳಗೆ ಹೋಗದೆ ಹೊರವರ್ತುಲ ರಸ್ತೆ ಹಿಡಿದೆವು. 158 ಕಿಲೋಮೀಟರ್ ಉದ್ದ, ಎಂಟು ಪಥ, ಹೆಂಡತಿ ಮೊದಲ ಸಲ ಹಾಡು ಗುನುಗಿದಳು. ಆ ರಸ್ತೆ ರಾಷ್ಟ್ರೀಯ ಹೆದ್ದಾರಿಯಲ್ಲ, ರಾಜ್ಯದ್ದು; ನನ್ನ ಪಾಸ್ ಅಲ್ಲಿ ನಡೆಯುವುದಿಲ್ಲ; ದುಡ್ಡು ಕೇಳುವುದು ಇಳಿಯುವಾಗ. ಇದಿಷ್ಟನ್ನೂ ಇಳಿಯುವ ಗೇಟಿನ ಹುಡುಗ ತೆಲುಗಿನಲ್ಲಿ ವಿವರಿಸಿದ. ಹಿಂದೆ ಆರು ಲಾರಿಗಳು ಹಾರ್ನ್ ಮೂಲಕ ಅದನ್ನೇ ಅನುಮೋದಿಸಿದವು. ಕೊನೆಗೆ ದುಡ್ಡು ಬಂದದ್ದು ಅಮ್ಮನ ಸೆರಗಿನ ಗಂಟಿನಿಂದ. ‘ನೋಡು, ದುಡ್ಡು ಹೋಯ್ತು’ ಎಂದರು.

ನಿರ್ಮಲ್ ದಾಟಿ ಆದಿಲಾಬಾದ್ ಕಡೆ, ತೇಗದ ಕಾಡಿನ ಘಾಟಿ ಏರಿ ಇಳಿದು ಸ್ವಲ್ಪ ದೂರದಲ್ಲಿ ಪಂಕ್ಚರ್ ಆಯಿತು. ಕಾರಿನ ಸ್ಟೆಪ್ನಿ ಎಲ್ಲಿರುತ್ತದೆ ಎಂದು ನಿಮಗೆ ಗೊತ್ತು: ಡಿಕ್ಕಿಯ ತಳದಲ್ಲಿ, ಹಲಗೆಯ ಕೆಳಗೆ. ನಮ್ಮ ಡಿಕ್ಕಿಯ ಮೇಲ್ಭಾಗದಲ್ಲಿ ಏನಿತ್ತು ಎಂದೂ ಈಗಾಗಲೇ ಹೇಳಿದ್ದೇನೆ. ರಸ್ತೆಯ ಪಕ್ಕ ಅಮ್ಮನ ಹಳೇ ಸೀರೆ ಹಾಸಿ, ಒಂದೊಂದೇ ಡಬ್ಬ ಇಳಿಸಿ ಸಾಲಾಗಿ ಜೋಡಿಸಿದೆವು. ಹಪ್ಪಳದ ಕಟ್ಟು, ಉಪ್ಪಿನಕಾಯಿ ಭರಣಿ, ಕೋಡುಬಳೆ. ಮಾವ ತಮ್ಮ ಟ್ರಂಕಿನ ಮೇಲೆ ಕೂತರು. ಬೈಕಿನಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ನಿಂತು, ‘ಅಪ್ಪಡಾಲು ಎಂತ?’ ಎಂದು ಕೇಳಿದರು. ಮಾರಾಟಕ್ಕಲ್ಲ ಎಂದು ಹೇಳಲು ನಾನು ತೆಲುಗು ಪದಗಳಿಗಾಗಿ ತಡಕಾಡುತ್ತಿದ್ದಾಗ ಅಮ್ಮ ವ್ಯಾಪಾರ ಮುಗಿಸಿದ್ದರು. ‘ಟೋಲಿನ ದುಡ್ಡು ಬಂತು’ ಎಂದರು. ಚಕ್ರ ಬದಲಿಸಿದ್ದು ಹೆಂಡತಿ ಮತ್ತು ಮಗಳು. ನಾನು ಜ್ಯಾಕಿನ ಜೊತೆಗೆ ಕೊಟ್ಟಿರುವ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವರು ನಾನು ಓದುವ ಪುಟಕ್ಕಿಂತ ಸದಾ ಎರಡು ಪುಟ ಮುಂದಿದ್ದರು.

ನಾಗಪುರದಲ್ಲಿ ತಂಗಿದೆವು. ಬೆಳಿಗ್ಗೆ ಅಲ್ಲಿನ ಪ್ರಸಿದ್ಧ ತರ್ರಿ ಪೋಹಾ ತಿನ್ನಿಸಲು ಕರೆದುಕೊಂಡು ಹೋದೆ. ಒಗ್ಗರಣೆ ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ. ‘ಚೆನ್ನಾಗಿರೋ ಅವಲಕ್ಕಿ ಮೇಲೆ ಯಾರೋ ಸಾರು ಚೆಲ್ಲಿದ್ದಾರೆ’ ಎಂದು ಅಮ್ಮ ತಟ್ಟೆ ದೂಡಿದರು. ಮಾವ ಇಬ್ಬರ ಪಾಲನ್ನೂ ತಿಂದು ಹಗಲೆಲ್ಲ ಬಿಕ್ಕಳಿಸಿದರು. ಝೀರೋ ಮೈಲ್ ಕಂಬವನ್ನೂ ನೋಡಿದೆವು. ಬ್ರಿಟಿಷರ ಕಾಲದ ಮರಳುಗಲ್ಲಿನ ಕಂಬ, ಜೊತೆಗೆ ನಾಲ್ಕು ಕುದುರೆಗಳು. ದೇಶದ ನಡುಮಧ್ಯ ಇದೇ ಎಂದು ಜನ ಹೇಳುತ್ತಾ ಬಂದಿದ್ದಾರೆ. ಇಲ್ಲಿಗೆ ಅರ್ಧ ದಾರಿ ಮುಗಿಯಿತು ಎಂದು ನಾನು ಹೇಳಿದ್ದಕ್ಕೆ, ‘ಅರ್ಧ ಉಳೀತು’ ಎಂದಳು ಕಾರಿನ ಕೀ ಹಿಡಿದವಳು. ಕಿತ್ತಳೆ ಹಣ್ಣಿನ ಕಾಲ ಅದು. ಒಂದು ಚೀಲ ಕೊಂಡೆವು. ಮುಂದಿನ ನೂರಾರು ಕಿಲೋಮೀಟರ್ ನಾನು ಕಿತ್ತಳೆ ಸುಲಿದು, ಬೀಜ ತೆಗೆದು, ತೊಳೆ ತೊಳೆಯಾಗಿ ಡ್ರೈವರಿನ ಬಾಯಿಗೆ ಹಾಕುವ ಹುದ್ದೆಯಲ್ಲಿದ್ದೆ. ನಿಜ ಹೇಳಬೇಕೆಂದರೆ ಇಡೀ ಪ್ರವಾಸದಲ್ಲಿ ನಾನು ದೂರಿಲ್ಲದೆ ನಿರ್ವಹಿಸಿದ ಕೆಲಸ ಅದೊಂದೇ.

ನಾಗಪುರ ಬಿಟ್ಟು ಸಿವನಿಯ ಕಡೆ ಹೋಗುವಾಗ ಪೆಂಚ್ ಕಾಡು. ಅಲ್ಲಿ ರಸ್ತೆಯನ್ನೇ ಎತ್ತರಿಸಿ, ಹುಲಿ, ಜಿಂಕೆ, ಕಾಟಿಗಳು ಕೆಳಗಿನಿಂದ ದಾಟಿಕೊಳ್ಳಲಿ ಎಂದು ದಾರಿ ಬಿಟ್ಟಿದ್ದಾರೆ. ಮಹಾರಾಷ್ಟ್ರದ ಭಾಗದಲ್ಲೇ ಅಂಥವು ಒಂಬತ್ತು. ಅತಿ ಉದ್ದದ್ದು 750 ಮೀಟರ್. ಹುಲಿಗಳು ಅವನ್ನು ಬಳಸುತ್ತಿರುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ದೇಶದಲ್ಲಿ ಕಟ್ಟಿದ್ದೆಲ್ಲ ಯಾರಿಗೆಂದು ಕಟ್ಟಿದರೋ ಅವರು ಬಳಸುವುದು ಅಪರೂಪವಾದ್ದರಿಂದ ಈ ಹುಲಿಗಳ ಬಗ್ಗೆ ನನಗೆ ಗೌರವವಿದೆ. ಕಿಪ್ಲಿಂಗನ ಮೌಗ್ಲಿಯ ಕಾಡು ಇದೇ ಸೀಮೆಯದು ಎಂದು ಮಗಳು ಹೇಳಿದಳು. ಅಮ್ಮ ಕನ್ನಡಕ ಒರೆಸಿಕೊಂಡು ಕಿಟಕಿಯಲ್ಲಿ ಹುಲಿಗೆ ಕಾದರು. ಹುಲಿ ಇದ್ದರೆ ನಮ್ಮ ಕೆಳಗೆ ಇರುತ್ತದೆ, ಕಾಣುವುದಿಲ್ಲ ಎಂದು ನಾನು ಎಂಜಿನಿಯರಿಂಗ್ ಭಾಷೆಯಲ್ಲಿ ವಿವರಿಸಿದೆ. ‘ಹುಲಿ ಕಾಣದೇ ಇರೋಕೆ ಇಷ್ಟು ಖರ್ಚು ಮಾಡಿದಾರಾ?’ ಎಂದರು.

ಲಖನಾದೌನ್‌ನಲ್ಲಿ 44ನೇ ಹೆದ್ದಾರಿ ನಮ್ಮನ್ನು ಬಿಟ್ಟು ಸಾಗರ್ ಎಂಬ ಊರಿನ ಕಡೆ ಹೋಯಿತು, ನಾವು ಜಬಲ್ಪುರದ ಕಡೆ ತಿರುಗಿದೆವು. ಭೇಡಾಘಾಟಿನಲ್ಲಿ ನರ್ಮದೆ ಅಮೃತಶಿಲೆಯ ಬಂಡೆಗಳ ನಡುವೆ ಹರಿಯುವುದನ್ನು ನೋಡಿದೆವು. ಅದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಕಟ್ನಿಯ ಬಗ್ಗೆ ಬರೆದವರು ಕಡಿಮೆ.

ಕಟ್ನಿ ಎಂಬ ಬೋರ್ಡು ಕಂಡದ್ದೇ ಮಾವ ನೆಟ್ಟಗೆ ಕೂತರು. ಬೆಂಗಳೂರು ಬಿಟ್ಟಾಗಿನಿಂದ ಎಲ್ಲಿ ರೈಲ್ವೆ ಗೇಟು, ಮೇಲ್ಸೇತುವೆ ಬಂದರೂ ಅದು ಯಾವ ಸೆಕ್ಷನ್, ಎಲ್ಲಿಂದ ಎಲ್ಲಿಗೆ ಎಂದು ಹೇಳುತ್ತಲೇ ಬಂದಿದ್ದರು. ಮುಘಲ್‌ಸರಾಯ್ ಹೆಸರು 2018ರಲ್ಲೇ ಬದಲಾಗಿದೆ ಎಂದು ಮಗಳು ತಿದ್ದಿದಾಗ, ‘ಹೆಸರು ಬದಲಾಗಬಹುದಮ್ಮ, ಯಾರ್ಡ್ ಬದಲಾಗಲ್ಲ’ ಎಂದಿದ್ದರು. ಈಗ, ‘ಕಟ್ನಿ ಜಂಕ್ಷನ್ ಮುಟ್ಟದೆ ಕಾಶಿಗೆ ಹೋದರೆ ಏನು ಪುಣ್ಯ?’ ಎಂದರು. ಕೆಲಸದಲ್ಲಿದ್ದಷ್ಟು ಕಾಲ ಗೂಡ್ಸ್ ಬಂಡಿಗಳ ಕಾಗದದಲ್ಲಿ ಕಟ್ನಿ, ಕಟ್ನಿ ಎಂದು ಬರೆದದ್ದೇ ಬರೆದದ್ದಂತೆ, ಕಣ್ಣಾರೆ ಕಂಡಿರಲಿಲ್ಲ. ಹೀಗೆ, ರೈಲು ಟಿಕೆಟ್ ಸಿಗದೆ ಕಾರಿನಲ್ಲಿ ದೇಶ ದಾಟುತ್ತಿದ್ದ ನಾವು ಐದು ಜನ, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಕಟ್ನಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕುಲ್ಲಡದಲ್ಲಿ ಚಹಾ ಕುಡಿದೆವು. ಕಲ್ಲಿದ್ದಲಿನ ಗೂಡ್ಸ್ ಒಂದು ಹೋಯಿತು. ಮಾವ ವ್ಯಾಗನ್ ಎಣಿಸಿದರು. ಇನ್ನೊಂದು ಹೋಯಿತು, ಎಣಿಸಿದರು. ಅಮ್ಮ, ‘ಎಷ್ಟಾಯಿತಂತೆ ಕೇಳು’ ಎಂದು ಮಗಳಿಗೆ ಹೇಳಿದರು. ಅವಳು ಫೋನಿನಲ್ಲಿದ್ದಳು. ‘58’ ಎಂದರು ಮಾವ ನೇರವಾಗಿ. ‘ನನಗೆ 57 ಬಂತು’ ಎಂದರು ಅಮ್ಮ. ಅಲ್ಲಿಂದ ಮುಂದೆ ಹಿಂದಿನ ಸೀಟಿನಲ್ಲಿ ದುಭಾಷಿಯ ಅಗತ್ಯ ಬೀಳಲಿಲ್ಲ. ಸಂಜೆ ಮೈಹರದಲ್ಲಿ ಶಾರದೆಯ ಬೆಟ್ಟ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಪುಣ್ಯಕ್ಕೆ ರೋಪ್‌ವೇ ಇದೆ. ಅಲ್ಲಾವುದ್ದೀನ್ ಖಾನರು ಬಾಳಿದ ಊರು, ರವಿಶಂಕರರಿಗೆ ಸಿತಾರ್ ಕಲಿಸಿದ ಊರು ಎಂದು ನಾನು ಹೇಳಹೊರಟಾಗ ಹಿಂದಿನಿಂದ ಬೀಗರಿಬ್ಬರ 57–58ರ ವಾದ ಇನ್ನೂ ಕೇಳಿಬರುತ್ತಿತ್ತು.

ರೀವಾ ಬಿಟ್ಟ ಬೆಳಿಗ್ಗೆ ಮಂಜು. ನಮ್ಮ ನಂದಿಬೆಟ್ಟದಲ್ಲಿ ಫೋಟೋಕ್ಕೆಂದು ಬರುವ ಮಂಜಲ್ಲ ಅದು. ಬಾನೆಟ್ಟಿನ ತುದಿ ಕಾಣುತ್ತಿರಲಿಲ್ಲ. ಹೆಂಡತಿ ಗಾಜು ಇಳಿಸಿ, ಹಾಡು ನಿಲ್ಲಿಸಿ, ಮುಂದಿದ್ದ ಲಾರಿಯ ಹಿಂಬದಿಯ ಕೆಂಪು ದೀಪದ ಮೇಲೆ ಕಣ್ಣು ನೆಟ್ಟು, ಎತ್ತಿನಗಾಡಿಯ ವೇಗದಲ್ಲಿ ಹೋದಳು. ಕಾರಿನಲ್ಲಿ ಯಾರೂ ಉಸಿರೆತ್ತಲಿಲ್ಲ. ನನ್ನ ಕಾಲು ಮಾತ್ರ ನೆಲ ಒತ್ತಿಕೊಂಡೇ ಇತ್ತು. ಬಹಳ ಹೊತ್ತಾದ ಮೇಲೆ ಆ ಲಾರಿ ನಿಂತಿತು, ನಾವೂ ನಿಂತೆವು. ಮಂಜು ಸ್ವಲ್ಪ ಹರಿದಾಗ ನೋಡಿದರೆ ಲಾರಿಯವನು ಚಹಾ ಅಂಗಡಿಯ ಅಂಗಳಕ್ಕೆ ತಿರುಗಿ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ. ನಮ್ಮ ಹಿಂದೆ ಇನ್ನೂ ಮೂರು ಕಾರು ನಿಂತಿದ್ದವು, ನಮ್ಮನ್ನು ನಂಬಿ ಬಂದವರು. ಎಲ್ಲರೂ ಇಳಿದು ಚಹಾ ಕುಡಿದೆವು. ಅವಳ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ; ಲೋಟ ನಾನೇ ಹಿಡಿದುಕೊಂಡೆ. ಅಷ್ಟು ದೂರದಲ್ಲಿ ನಾನು ‘ಸ್ಸ್’ ಎನ್ನದ ಏಕೈಕ ಪಯಣ ಅದು ಎಂದು ಅವಳು ನಂತರ ಹೇಳಿದಳು. ಹೆದರಿ ಬಾಯಿ ಒಣಗಿತ್ತು ಎಂದು ನಾನು ಹೇಳಲಿಲ್ಲ.

ಮಿರ್ಜಾಪುರದ ಹತ್ತಿರ ಮಗಳು, ‘ಅಪ್ಪ, ಇಲ್ಲೇ ಅಲ್ವಾ 82.5 ಡಿಗ್ರಿ? ಇಡೀ ದೇಶದ ಗಡಿಯಾರ ಇಟ್ಟಿರೋದು ಈ ಊರಿನ ಲೆಕ್ಕದಲ್ಲಿ’ ಎಂದಳು. ಹೌದು, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಹೆಂಡತಿ ನನ್ನ ಲ್ಯಾಮಿನೇಟ್ ಪಟ್ಟಿ ಕೇಳಿದಳು. ಇಡ್ಲಿಯ ಜಿಡ್ಡಿನ ಅಡಿಯಲ್ಲಿ ಮಿರ್ಜಾಪುರ, ಬೆಳಿಗ್ಗೆ 9.40 ಎಂದಿತ್ತು. ಗಡಿಯಾರದಲ್ಲೂ ಸರಿಯಾಗಿ 9.40. ಒಂದೇ ವ್ಯತ್ಯಾಸ, ಪಟ್ಟಿಯಲ್ಲಿ ಅದು ಹಿಂದಿನ ದಿನದ 9.40.

ಕಾಶಿಯಲ್ಲಿ ಕಾರಿಗೆ ಕೆಲಸವಿಲ್ಲ. ಗೊದೌಲಿಯಾದ ಆಚೆ ಗಲ್ಲಿಗಳೇ. ಎದುರಿಗೆ ಹೋರಿ ಬಂದರೆ ಮನುಷ್ಯನೇ ಗೋಡೆಗೆ ಅಂಟಿಕೊಳ್ಳಬೇಕು. ಕಾರನ್ನು ಪಾರ್ಕಿಂಗಿಗೆ ಬಿಟ್ಟು, ಕುಕ್ಕರು, ಅಕ್ಕಿ, ಟ್ರಂಕು ಎಲ್ಲವನ್ನೂ ರಿಕ್ಷಾಗಳಿಗೆ ಹೇರಿ ಹೊರಟೆವು. ಜಂಗಮವಾಡಿ ಮಠದ ಹೆಸರು, ಹನುಮಾನ್ ಘಾಟಿನ ಪಕ್ಕ ಕರ್ನಾಟಕ ಘಾಟ್ ಎಂಬ ಬರಹ ಕಂಡಾಗ ಅಮ್ಮನಿಗೆ ನೆಂಟರ ಮನೆ ಸಿಕ್ಕಷ್ಟು ಸಮಾಧಾನ. ಇನ್ನೊಂದು ಸಮಾಧಾನವೂ ಕಾದಿತ್ತು: ಬರೀ ರೊಟ್ಟಿ ಎಂದು ಹೆದರಿದ್ದ ಊರಿನಲ್ಲಿ ಆ ಘಾಟುಗಳ ಸುತ್ತ ದಕ್ಷಿಣದವರದೇ ಕೇರಿ, ಇಡ್ಲಿ, ದೋಸೆ, ಅನ್ನ, ಸಾರು. ಅಮ್ಮ ಎರಡನೇ ಸಲ ಸಾರು ಹಾಕಿಸಿಕೊಳ್ಳುವಾಗ ನಾನು ಅವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಗಂಗೆಯಲ್ಲಿ ಮುಳುಗೆದ್ದ ಮೇಲೆ ಇಷ್ಟವಾದದ್ದೊಂದನ್ನು ಬಿಡಬೇಕು ಎಂಬ ಪದ್ಧತಿ ಇದೆಯಲ್ಲ. ಅಮ್ಮ ಸೀತಾಫಲ ಬಿಟ್ಟರು. ಮಾವ ಪಡವಲಕಾಯಿ ಬಿಟ್ಟರು. ಅದನ್ನು ಅವರು ತಿಂದದ್ದನ್ನು ಅವರ ಮಗಳೇ ನೋಡಿಲ್ಲ. ನಾನು ಏನು ಬಿಡಲಿ ಎಂದು ಸೊಂಟದವರೆಗಿನ ತಣ್ಣೀರಿನಲ್ಲಿ ನಡುಗುತ್ತ ಯೋಚಿಸುತ್ತಿದ್ದಾಗ ಮೆಟ್ಟಿಲ ಮೇಲಿಂದ ಹೆಂಡತಿ, ‘ರೀ, ಎಡಗಡೆ ಬ್ರೇಕು’ ಎಂದಳು. ಮೂರು ಸಲ ನೀರು ಬಿಟ್ಟು ಸಂಕಲ್ಪ ಮಾಡಿದೆ. ವಾಪಸ್ ಹೊರಟಾಗ ಆ ವ್ರತವನ್ನು ಮಿರ್ಜಾಪುರದವರೆಗೂ ಕಟ್ಟುನಿಟ್ಟಾಗಿ ಪಾಲಿಸಿದೆ.

ಚಟ್ನಿಪುಡಿಯ ದೊಡ್ಡ ಡಬ್ಬವನ್ನು ಯಾರೂ ತೆರೆಯಲೇ ಇಲ್ಲ. ಹೋಗಿ ಬಂದು 3,600 ಕಿಲೋಮೀಟರ್ ಸುತ್ತಿ, ಆದಿಲಾಬಾದಿನ ರಸ್ತೆಯಲ್ಲಿ ಬಿಸಿಲು ಕಾದು, ಗಂಗೆಯ ದಡದಲ್ಲಿ ಇದ್ದು ಬಂದು ಈಗ ನಮ್ಮ ಅಡುಗೆಮನೆಯ ಅಟ್ಟದ ಮೇಲಿದೆ. ಕಾರಿನಲ್ಲಿ ಕಾಶಿಗೆ ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಬಂದು ತೆಗೆದುಕೊಂಡು ಹೋಗಿ. ಅದಕ್ಕೆ ದಾರಿ ಗೊತ್ತು.